ಹ್ಞೂಂ ಅನ್ನದ ನಮ್ಮಣ್ಣ

ನಮ್ಮಣ್ಣನ ದನಿ ಕೇಳಬೇಕೆಂಬ ಆಸೆಯಿಂದ ಯಾರಾದರೂ ಅವನ ಸಿನಿಮಾ ನೋಡಲು ಕೂತರೆ, ಅವರನ್ನು ದೇವರೇ ಕಾಪಾಡಬೇಕು! ರಾಕ್ ಸಂಗೀತದ ತಂಡಗಳ ಬೆನ್ನು ಹತ್ತಿ ಊರೂರು ಅಲೆದು, ಆ ಹಾಡುಗಾರರ, ಗಿಟಾರಿನವರ, ಡ್ರಮ್ ಬಾರಿಸುವವರ ಬದುಕನ್ನು ಸಾಕ್ಷ್ಯಚಿತ್ರ ಮಾಡುವುದು ಅವನ ಕಸುಬು. ಅರ್ಧ ಆಯುಷ್ಯ ಅದರಲ್ಲೇ ಕಳೆದಿದ್ದಾನೆ. ಅವನ ಚಿತ್ರದಲ್ಲಿ ಎಲ್ಲರೂ ಮಾತಾಡುತ್ತಾರೆ, ನಗುತ್ತಾರೆ, ಕೆಲವರು ಅಳುತ್ತಾರೆ. ಎದುರಿಗೆ ಕೂತು ಇದನ್ನೆಲ್ಲ ಕೇಳಿದ ಮಹಾಶಯ ಮಾತ್ರ ಎಲ್ಲೂ ಇಲ್ಲ. ಮೊದಲ ಸಲ ನೋಡಿದಾಗ, ಪಾಪ, ಇವರಿಗೆಲ್ಲ ಯಾರೂ ದಿಕ್ಕಿಲ್ಲದೆ ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತಿದ್ದಾರೇನೋ ಎಂದುಕೊಂಡಿದ್ದೆ.

ಅದು ಆ ಕಸುಬಿನ ಶಿಸ್ತಂತೆ. ಕೇಳುವವನ ದನಿ ಚಿತ್ರದೊಳಗೆ ಬರಕೂಡದು. ಎದುರಿನವರು ಮಾತಾಡುವಾಗ ಇವನು ಒಂದು "ಹ್ಞೂಂ" ಅಂದರೂ ಆ ಸದ್ದು ಅವರ ಮಾತಿನ ಮೇಲೆ ಕೂತುಬಿಡುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ಆದ್ದರಿಂದ ಬಾಯಿ ಬಿಗಿದುಕೊಂಡು ಬರೀ ತಲೆ ಆಡಿಸುತ್ತಿರಬೇಕು. ಹೇಳುವವರು ಪ್ರಶ್ನೆಯನ್ನೂ ತಾವೇ ಸೇರಿಸಿಕೊಂಡು ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡಬೇಕು. ಸರಿ, ಸಿನಿಮಾದಲ್ಲಿ ಏನು ಬೇಕಾದರೂ ಮಾಡಿಕೊಳ್ಳಲಿ. ಹೋಟೆಲಿನಲ್ಲೂ ಅದನ್ನೇ ಮಾಡಿದರೆ?

ಒಮ್ಮೆ ಕೊಟ್ಟೂರಿನಲ್ಲಿ ಮಂಡಕ್ಕಿ ತಿನ್ನಲು ಕೂತಿದ್ದೆವು. ಬಾಣಲೆಯ ಮುಂದೆ ಬೆವರು ಸುರಿಸುತ್ತ ನಿಂತಿದ್ದ ಹೋಟೆಲಿನವನನ್ನು ಅಣ್ಣ ಕೇಳಿದ, "ಬಿಸಿ ಏನೈತ್ರಿ?"

"ಮಿರ್ಚಿ ಅದಾವ್ರಿ."

"ಹಂಗಲ್ಲ, ಪೂರ್ತಿ ಹೇಳ್ರಿ," ಎಂದುಬಿಟ್ಟ ನಮ್ಮಣ್ಣ, ಅಭ್ಯಾಸಬಲ!

ಹೋಟೆಲಿನವನು ಸೌಟು ಕೆಳಗಿಟ್ಟ. "ಈ ಹೋಟೆಲಿನ್ಯಾಗ ಈಗ ಬಿಸಿ ಏನೈತಿ ಅಂದ್ರ ಒಂದು ಮಿರ್ಚಿ, ಇನ್ನೊಂದು ನನ್ನ ತಲಿ. ಯಾವ್ದು ಕೊಡ್ಲಿ?" ಎಂದ. ಎರಡು ಪ್ಲೇಟ್ ಮಿರ್ಚಿ ಬಜ್ಜಿ ಹೇಳಿ ನಾನು ಅಲ್ಲಿಗೇ ಮಾತು ಮುಗಿಸಿದೆ.

ಪುಸ್ತಕವನ್ನೂ ಬರೆದಿದ್ದಾನೆ. ಒಂದು ತಂಡದ ಜೊತೆ ವ್ಯಾನಿನಲ್ಲಿ ದೇಶ ಸುತ್ತಿದ ಕಥೆ. ಹುಡುಕಿ ನೋಡಿದೆ, "ನಾನು" ಎಂಬ ಪದ ಎಲ್ಲೂ ಇಲ್ಲ. ಒಂದು ಕಡೆ ವ್ಯಾನಿನ ಚಕ್ರ ಪಂಕ್ಚರ್ ಆಗುತ್ತದೆ. ಡ್ರೈವರನಿಗೆ ಜ್ವರ, ಹಿಂದಿನ ಸೀಟಿನಲ್ಲಿ ಮಲಗಿದ್ದಾನೆ. ಹಾಡುಗಾರರೆಲ್ಲ ರಸ್ತೆ ಬದಿಯಲ್ಲಿ ಚಹಾ ಕುಡಿಯುತ್ತಿದ್ದಾರೆ. ಮುಂದಿನ ಸಾಲು, "ಅಷ್ಟರಲ್ಲಿ ಚಕ್ರ ಬದಲಾಯಿತು." ತಾನಾಗಿಯೇ ಬದಲಾಯಿತೇ? ಇವನ ಬೆರಳಿನಲ್ಲಿ ಆ ವ್ಯಾನಿನ ಜಾಕ್ ಬಡಿದ ಗಾಯದ ಕಲೆ ಇನ್ನೂ ಇದೆ!

ಹಾಡುಗಾರನೊಬ್ಬನನ್ನು ಒಮ್ಮೆ ಮನೆಗೂ ಕರೆತಂದಿದ್ದ. ಬೆಂಗಳೂರಿನ ಹುಡುಗ, ಸೊಂಟದವರೆಗೆ ಕೂದಲು. ಅವ್ವನಿಗೆ ಅವನನ್ನು ಕಂಡು ಭಕ್ತಿಯೇ ಬಂತು.

"ಯಾವ ದೇವ್ರಿಗೆ ಬಿಟ್ಟೀಯಪ್ಪ ಕೂದ್ಲಾ?"

"ಯಾವ ದೇವರಿಗೂ ಅಲ್ಲಮ್ಮ, ಸುಮ್ಮನೆ."

"ಸುಮ್ಮನ?" ಅವ್ವ ಗಲ್ಲದ ಮೇಲೆ ಕೈ ಇಟ್ಟುಕೊಂಡಳು. "ಹರಕಿ ಇಲ್ದನ ಇಷ್ಟು ಎಣ್ಣಿ ದಂಡ ಮಾಡ್ತಾರೇನೋ!" ಆದರೂ ಹೋಗುವಾಗ ಅವನ ನೆತ್ತಿಗೆ ತಾನೇ ಎಣ್ಣೆ ತಟ್ಟಿ ಕಳಿಸಿದಳು.

ಅಪ್ಪನಿಗೆ ಮಾತ್ರ ಇದಾವುದೂ ನಗುವ ವಿಷಯವಾಗಿರಲಿಲ್ಲ. ಹರಪನಹಳ್ಳಿಯಲ್ಲಿ ನಮ್ಮದು ಮೆಕ್ಕೆಜೋಳದ ದಲ್ಲಾಳಿ ಅಂಗಡಿ. ಈಗ ಗಲ್ಲಾಪೆಟ್ಟಿಗೆಯ ಮುಂದೆ ನಾನು ಕೂರುತ್ತೇನೆ, ಆಗ ಅಲ್ಲಿ ಹಿರಿಮಗ ಕೂರಬೇಕೆಂಬುದು ಅಪ್ಪನ ಹಟ. "ಹಾಡಾಕ ಬರಂಗಿಲ್ಲ, ಬಾರ್ಸಾಕ ಬರಂಗಿಲ್ಲ, ಹಾಡೋರ ಹಿಂದ ಯಾಕ ತಿರುಗ್ತಾನ ಇವ?" ಎಂದು ಬಂದವರನ್ನೆಲ್ಲ ಕೇಳುತ್ತಿದ್ದ. ಹಡಗಲಿಯಿಂದ ಮಲ್ಲಿಗೆ ವ್ಯಾಪಾರದವರು ಅಣ್ಣನಿಗೆ ಹೆಣ್ಣು ಕೊಡಲು ಬಂದರು. "ಹುಡುಗ ಸಿನಿಮಾ ತಗೀತಾನಂತ. ಅಂದ್ರ ಮದುವಿ ವಿಡಿಯೋ ಏನ್ರಿ?" ಎಂದು ವಿಚಾರಿಸಿದರು. ಅಪ್ಪ ಗಂಭೀರವಾಗಿ, "ಹೌದ್ರಿ, ಅಂಥದ್ದ. ಆದ್ರ ಅದ್ರಾಗ ಮದುವಿ ಇರಂಗಿಲ್ಲ," ಎಂದ. ಆ ಸಂಬಂಧ ಅಲ್ಲಿಗೇ ನಿಂತಿತು. ಅಣ್ಣ ಆಮೇಲೆ ಮದುವೆಯ ಮಾತನ್ನೇ ಎತ್ತಗೊಡಲಿಲ್ಲ.

ನಗುತ್ತ ಹೇಳುತ್ತಿದ್ದೇನೆ, ಆದರೆ ಆ ದಿನಗಳು ಚೆನ್ನಾಗಿರಲಿಲ್ಲ. ಅಣ್ಣ ಊರಿಗೆ ಬಂದಾಗಲೆಲ್ಲ, ಅವನು ಊಟಕ್ಕೆ ಕೂತ ಹೊತ್ತಿಗೇ ಅಪ್ಪ ಬೈಯಲು ಶುರು ಮಾಡುತ್ತಿದ್ದ. ಅವ್ವ ನಡುವೆ ಬಂದು ಏನು ಹೇಳಿದರೂ ಅಪ್ಪನ ಕಿವಿಗೆ ಬೀಳುತ್ತಿರಲಿಲ್ಲ. ಅಣ್ಣ ಅರ್ಧ ತಟ್ಟೆ ಬಿಟ್ಟು ಎದ್ದು ಕೈ ತೊಳೆಯುತ್ತಿದ್ದ. ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದ. ಹೀಗೇ ವರ್ಷಗಳು ಕಳೆದು ಅಪ್ಪ ತೀರಿಕೊಂಡ. ಇಬ್ಬರ ನಡುವೆ ರಾಜಿ ಆಗಲೇ ಇಲ್ಲ. ನನಗೆ ಅದು ಇವತ್ತಿಗೂ ಸಂಕಟದ ಮಾತೇ.

ಈಗ ಅವ್ವನ ಕಣ್ಣು ಹೋಗಿವೆ. ಇನ್ನು ದೃಷ್ಟಿ ಬರುವುದಿಲ್ಲ ಎಂದು ದಾವಣಗೆರೆಯ ಡಾಕ್ಟರು ಹೇಳಿಬಿಟ್ಟರು. ಮನಸ್ಸೂ ಒಮ್ಮೊಮ್ಮೆ ಹಿಂದಿನ ಕಾಲಕ್ಕೆ ಹೋಗಿ ಕೂರುತ್ತದೆ. ಸುದ್ದಿ ತಿಳಿದ ಅಣ್ಣ ಈ ಬೇಸಿಗೆಯಲ್ಲಿ ಕ್ಯಾಮೆರಾ ಹೊತ್ತುಕೊಂಡು ಬಂದ. "ಊರ ಮಂದಿ ಮಾತೆಲ್ಲ ಹಿಡಿದಿಟ್ಟೀನಿ. ಅವ್ವಂದು ಒಂದು ಕಥಿನೂ ಇಲ್ಲ ನನ್ನ ಹತ್ರ. ಮರ್ತುಬಿಟ್ರ ಏನ್ ಮಾಡ್ಲಿ?" ಎಂದ. ತೌರುಮನೆ ಉಜ್ಜಿನಿಯಿಂದ ಅವ್ವ ತಂದ ಕಥೆಯೊಂದಿದೆ. ಕುರಿ ಕಾಯುವ ಹುಡುಗನೊಬ್ಬ ತಪ್ಪಿಸಿಕೊಂಡ ಮರಿಯನ್ನು ಹುಡುಕುತ್ತ ಹೋಗುವ ಕಥೆ. ಅದನ್ನು ಕೇಳಿಯೇ ನಾವಿಬ್ಬರೂ ಬೆಳೆದದ್ದು.

ಮಧ್ಯಾಹ್ನ ಪಡಸಾಲೆಯಲ್ಲಿ ಚಿತ್ರೀಕರಣ. ಫ್ಯಾನ್ ಬಂದ್! ಕುಕ್ಕರ್ ಬಂದ್! ನನ್ನ ಹೆಂಡತಿಗೆ ಬಳೆ ಸದ್ದು ಮಾಡಬೇಡವೆಂದು ಅಪ್ಪಣೆಯಾಯಿತು. ನನಗೆ ಉಸಿರಾಟವನ್ನು ಸ್ವಲ್ಪ ಕಡಿಮೆ ಮಾಡಲು ಹೇಳಿದ!

"ಉಜ್ಜಿನಿ ಸೀಮಿಯೊಳಗ ಒಬ್ಬ ಕುರಿ ಕಾಯೋ ಹುಡುಗ ಇದ್ದ," ಎಂದು ಅವ್ವ ಶುರು ಮಾಡಿದಳು. ಶುರು ಮಾಡಿ ನಿಂತಳು.

ನಮ್ಮ ಕಡೆ ಕಥೆ ಕೇಳುವವರು ಸಾಲಿಗೊಂದು ಹ್ಞೂಂ ಅನ್ನಬೇಕು. ಹ್ಞೂಂ ನಿಂತರೆ ಮಗು ಮಲಗಿತೆಂದು ಹೇಳುವವರೂ ನಿಲ್ಲಿಸುತ್ತಾರೆ. ಅಣ್ಣ ತನ್ನ ಶಿಸ್ತಿನಂತೆ ತಲೆ ಆಡಿಸಿದ.

"ಇಲ್ಲೇ ಅದಿಯೇನೋ?" ಎಂದಳು ಅವ್ವ.

ಅವನು ಇನ್ನೂ ಜೋರಾಗಿ ತಲೆ ಆಡಿಸಿದ! ನಗು ತಡೆಯಲು ನಾನು ಟವೆಲ್ಲು ಬಾಯಿಗೆ ಒತ್ತಿಕೊಂಡೆ. ಅವ್ವ ಗಾಳಿಯಲ್ಲಿ ಕೈ ಚಾಚಿ ತಡಕಾಡಿದಾಗ ನಗು ಸತ್ತುಹೋಯಿತು.

"ನೀ ಹೇಳ್ತಾ ಹೋಗವ್ವ, ನಾ ಕೇಳ್ತಿರ್ತೀನಿ," ಎಂದ ಅಣ್ಣ.

"ಹ್ಞೂಂ ಅನ್ನೋರಿಲ್ದ ಯಾರಿಗೆ ಹೇಳ್ಲೋ? ನನಗ ಬರಂಗಿಲ್ಲಪ್ಪ," ಎಂದು ಅವ್ವ ಗೋಡೆಗೆ ಒರಗಿದಳು.

ನಾನು ಅಣ್ಣನಿಗೆ, "ಹ್ಞೂಂ ಅಂದ್ಬಿಡಪ್ಪ," ಎಂದೆ.

"ಆಡಿಯೋ ಕೆಡ್ತೈತೋ."

ನನಗೆ ಸಿಟ್ಟು ನೆತ್ತಿಗೇರಿತು. "ಸುಡ್ಲಿ ನಿನ್ನ ಆಡಿಯೋ! ಕಣ್ಣು ಕಾಣದಾಕಿಗೆ ತಲಿ ಆಡ್ಸಿ ತೋರಸ್ತೀಯಲ್ಲ, ಮನುಷ್ಯಾನ ನೀನು?"

ಅವನು ಅವ್ವನ ಹತ್ತಿರಕ್ಕೆ ಸರಿದು ಕೂತ. ಆಮೇಲೆ ಅವ್ವನಿಗೆ, "ಮೊದ್ಲಿಂದ ಹೇಳವ್ವ," ಎಂದ.

"ಉಜ್ಜಿನಿ ಸೀಮಿಯೊಳಗ ಒಬ್ಬ ಕುರಿ ಕಾಯೋ ಹುಡುಗ ಇದ್ದ."

"ಹ್ಞೂಂ."

ಮಾತಾಡುವಾಗ ಅಣ್ಣನ ದನಿ ಅಪ್ಪನ ದನಿಯಂತಲ್ಲ. ಆದರೆ ಆ ಹ್ಞೂಂ ಅಪ್ಪನದೇ! ಅಂಗಡಿಯಲ್ಲಿ ರೈತರ ಕಷ್ಟಸುಖ ಕೇಳುತ್ತ ಅಪ್ಪ ಗಂಟಲಾಳದಿಂದ ಹಾಗೇ ಅನ್ನುತ್ತಿದ್ದ. ಅವ್ವ ಮುಂದುವರಿದಳು. ಮರಿ ತಪ್ಪಿಸಿಕೊಂಡಿತು, ಹ್ಞೂಂ. ಹುಡುಗ ಕೂಡ್ಲಿಗಿ ಅಡವಿ ಹೊಕ್ಕ, ಹ್ಞೂಂ. ಕರಡಿ ಎದುರಾಯಿತು, ಹ್ಞೂಂ. ಅವಳ ಮಾತು ನಿಧಾನವಾಗುತ್ತ ಬಂತು. ಕಥೆ ನಡುವೆಯೇ ನಿಂತಿತು. ಅವ್ವ ನೆಟ್ಟಗೆ ಕೂತು, ತಲೆಯ ಮೇಲೆ ಸೆರಗೆಳೆದುಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು:

"ಹುಡುಗ ಭಾಳ ದೂರದಿಂದ ಬಂದಾನ್ರಿ. ಉಣ್ಣೋ ಮುಂದ ಏನೂ ಅನಬ್ಯಾಡ್ರಿ."

ನಮಗಿಬ್ಬರಿಗೂ ಅವ್ವ ಎಂದೂ "ರಿ" ಹಚ್ಚಿ ಮಾತಾಡಿದವಳಲ್ಲ. ಅದು ಅಪ್ಪನಿಗೆ ಹೇಳಿದ ಮಾತು. ಅಣ್ಣ ನನ್ನ ಮುಖ ನೋಡಿದ. ಅವ್ವ ಉತ್ತರಕ್ಕೆ ಕಾಯುತ್ತಿದ್ದಳು.

"ಹ್ಞೂಂ," ಎಂದ ಅಣ್ಣ.

ಅವ್ವನ ಮುಖ ಸಡಿಲಾಯಿತು. ಬಾಗಿಲ ಕಡೆ ತಿರುಗಿ, ಗೆದ್ದವಳಂತೆ ಕೂಗಿದಳು, "ಬಾರಪ್ಪ, ಕೈಕಾಲು ತೊಳ್ಕೊಂಡು ಬಾ! ಏನೂ ಅನ್ನಂಗಿಲ್ಲಂತ!"

ಅಣ್ಣ ಎದ್ದು ಬಚ್ಚಲಿಗೆ ಹೋಗಿ ನಿಜವಾಗಿಯೂ ಕೈಕಾಲು ತೊಳೆದುಕೊಂಡ. ಮುಖವನ್ನೂ ತೊಳೆದುಕೊಂಡ, ಅದಕ್ಕೆ ತುಸು ಹೆಚ್ಚು ಹೊತ್ತು ಹಿಡಿಯಿತು. ಬಂದು ಅವ್ವನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ. ನಾನು ಒಳಗಿಂದ ರೊಟ್ಟಿ, ಹೆಸರುಕಾಳಿನ ಪಲ್ಯ ತಂದು ತಟ್ಟೆಗೆ ಬಡಿಸಿದೆ. ಅವ್ವ ಅವನ ಮೊಣಕಾಲ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಅಣ್ಣ ಆ ತಟ್ಟೆಯನ್ನು ಪೂರ್ತಿ ಉಂಡು ಎದ್ದ.