ಅಳತೆಗೆಂದು ಹೋದ ಕೆರೆ

ಹೊಸ ಊರಿಗೆ ವರ್ಗವಾದವರು ಮೊದಲು ಬಾಡಿಗೆ ಮನೆ ಹುಡುಕುತ್ತಾರೆ, ಆಮೇಲೆ ಹಾಲು ಹಾಕುವವರನ್ನು. ನಾನು ಕೆರೆ ಹುಡುಕಿದೆ. ಇದನ್ನು ಹೇಳಿಕೊಳ್ಳಲು ಈಗಲೂ ಸ್ವಲ್ಪ ನಾಚಿಕೆಯಾಗುತ್ತದೆ. ಹೈದರಾಬಾದಿನಲ್ಲಿದ್ದಾಗ ಗೆಳೆಯನೊಬ್ಬನ ಕೃಪೆಯಿಂದ ಹುಸೇನ್ ಸಾಗರದಲ್ಲಿ ದೋಣಿ ನಡೆಸುವುದನ್ನು ಕಲಿತಿದ್ದೆ. ಮದುವೆಯಾದ ಮೇಲೆ ಹೆಂಡತಿ ರುಕ್ಮಿಣಿಯನ್ನೂ ಕೂರಿಸಿಕೊಂಡು ಹೋಗುತ್ತಿದ್ದೆ. ಅಷ್ಟರಲ್ಲಿ ಲಿಂಗಸುಗೂರಿನ ತಹಶೀಲ್ ಕಚೇರಿಗೆ ಗುಮಾಸ್ತನಾಗಿ ವರ್ಗವಾಯಿತು. ತವರಿನ ಗದ್ದಲದಲ್ಲೇ ಬೆಳೆದ ರುಕ್ಮಿಣಿ ಇಲ್ಲಿ ಎರಡು ತಿಂಗಳಾದರೂ ನಗಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು, ಅದೂ ಇಲ್ಲ. ಕೇಳಿದ್ದಕ್ಕಷ್ಟೇ ಉತ್ತರ. "ಒಳ್ಳೇ ಕೆರಿ ಹುಡುಕ್ತೀನಿ, ತಡಿ" ಎಂದು ಮಾತು ಕೊಟ್ಟುಬಿಟ್ಟೆ.

ಆಗಿನ ಹೈದರಾಬಾದ್ ಸರ್ಕಾರದ ಕಚೇರಿಗಳಿಗೆ ಶುಕ್ರವಾರ ರಜೆ. ಪ್ರತಿ ಶುಕ್ರವಾರ ಒಂದೊಂದು ದಿಕ್ಕಿಗೆ ಹೊರಟೆ. ಲಿಂಗಸುಗೂರಿನ ಹತ್ತಿರದ ಕೆರೆಯಲ್ಲಿ ಎಮ್ಮೆಗಳು ನನಗಿಂತ ಮೊದಲೇ ಜಾಗ ಹಿಡಿದಿದ್ದವು. ಮಸ್ಕಿಯ ಹಳ್ಳದಲ್ಲಿ ನೀರಿತ್ತು. ಪಂಚೆ ಎತ್ತಿಕೊಂಡರೆ ದಾಟುವಷ್ಟು. ಸಿಂಧನೂರಿನಲ್ಲಿ ಕೆರೆಗೆ ಇಳಿಯುವ ಮೊದಲೇ ಕೊಡ ಹೊತ್ತ ಮುದುಕಿಯೊಬ್ಬಳು, "ಕುಡಿಯೋ ನೀರೋ ಅಪ್ಪಾ, ಚಪ್ಲಿ ಹಾಕ್ಕೊಂಡು ಎಲ್ಲಿ ಬರಾಕತ್ತೀ?" ಎಂದು ಗದರಿದಳು. ಅಲ್ಲಿಂದ ಮೋಟಾರಿನಲ್ಲಿ ಮರಳುವಾಗ, ಮಸ್ಕಿ ಇನ್ನೂ ಬರುವ ಮುಂಚೆ, ದೂರದಲ್ಲೊಂದು ಕೆರೆ ಫಳಫಳ ಹೊಳೆಯಿತು. ಡ್ರೈವರನಿಗೆ ಹೇಳಿ ಮೋಟಾರು ನಿಲ್ಲಿಸಿ ಇಳಿದೇಬಿಟ್ಟೆ.

ದಂಡೆಯಿಂದ ದಂಡೆಗೆ ನೀರು ತುಂಬಿತ್ತು. ಎಮ್ಮೆಯಿಲ್ಲ, ಮುದುಕಿಯಿಲ್ಲ. ಮೀನು ಹಿಡಿಯುವ ಯಂಕಪ್ಪನೆಂಬ ಅಂಬಿಗನೊಬ್ಬ ಹರಗೋಲನ್ನು ಬೋರಲು ಹಾಕಿ ಪಕ್ಕದಲ್ಲಿ ಕೂತಿದ್ದ. ನನ್ನನ್ನೂ ಹೆಂಡತಿಯನ್ನೂ ನೀರಿನ ಮೇಲೆ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದೆ.

"ಆ ದಂಡಿಗೆ ಏನೈತ್ರಿ ಸಾಹೇಬ್ರ?"

"ಏನಿಲ್ಲ. ಹೋಗಿ ವಾಪಸ್ ಇಲ್ಲಿಗೇ ಬರೋದು."

ಅವನು ಕೂತಲ್ಲಿಂದ ಏಳಲಿಲ್ಲ. "ಇಲ್ಲಿಗೇ ಬರೋದಾದ್ರ ಇಲ್ಲೇ ಕುಂದರ್ರಲಾ."

ದೋಣಿ ವಿಹಾರವೆಂದರೆ ಏನೆಂದು ಅವನಿಗೆ ತಿಳಿಸಿ ಹೇಳಲು ನನ್ನಿಂದಾಗಲಿಲ್ಲ. ಕೊನೆಗೆ, "ಸರ್ಕಾರಿ ಕೆಲಸ. ಕೆರಿ ಅಳತಿ ಮಾಡಬೇಕಾಗೇದ" ಎಂದು ಸುಳ್ಳು ಹೇಳಿದೆ. ಅವನು ಎದ್ದು ನಿಂತು ಸಲಾಮು ಹೊಡೆದ.

ಮುಂದಿನ ಶುಕ್ರವಾರ ರುಕ್ಮಿಣಿಯೊಂದಿಗೆ ಹೋದೆ. ಹುಟ್ಟನ್ನು ಯಂಕಪ್ಪನ ಕೈಯಿಂದ ಠೀವಿಯಿಂದ ಇಸಿದುಕೊಂಡೆ. ದೋಣಿಗೆ ಮುಂದು ಹಿಂದು ಇರುತ್ತದೆ. ಹರಗೋಲು ರೊಟ್ಟಿಯ ಹಾಗೆ ಗುಂಡಗೆ. ನಾನು ಹುಟ್ಟು ಹಾಕಿದಷ್ಟೂ ಅದು ನಿಂತಲ್ಲೇ ಗರಗರ ತಿರುಗಿತು. ಏರಿ ಒಮ್ಮೆ, ಗುಡ್ಡ ಒಮ್ಮೆ, ಮತ್ತೆ ಏರಿ ಕಣ್ಮುಂದೆ ಹಾದುಹೋದವು. ರುಕ್ಮಿಣಿ ಮೊದಲು ಸೆರಗನ್ನು ಬಾಯಿಗೊತ್ತಿಕೊಂಡಳು. ಆಮೇಲೆ ಅದೂ ಸಾಲದೆ ಗಟ್ಟಿಯಾಗಿ ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಹುಸೇನ್ ಸಾಗರದಲ್ಲಿ ಅಷ್ಟು ಚೆನ್ನಾಗಿ ದೋಣಿ ನಡೆಸಿದಾಗಲೂ ಅವಳು ಹಾಗೆ ನಕ್ಕಿರಲಿಲ್ಲ.

ದಂಡೆಗೆ ಬಂದಾಗ ಅಲ್ಲಿ ಹತ್ತಿಪ್ಪತ್ತು ಜನ ಕಾಯುತ್ತಿದ್ದರು. ಸರ್ಕಾರದಿಂದ ಅಳತೆಗೆ ಬಂದಿದ್ದಾರೆಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಹಿರಿಯನೊಬ್ಬ ಮುಂದೆ ಬಂದು ಕೈಮುಗಿದ. "ಮೂರು ವರ್ಷ ಆತ್ರಿ, ತೂಬು ಕಟ್ಟಿಕೊಂಡೈತಿ. ನೀರು ಕಣ್ಮುಂದ ಐತಿ, ಹೊಲಕ್ಕ ಹನಿ ಇಲ್ಲ. ಅರ್ಜಿ ಉರ್ದುದಾಗ ಬರೀಬೇಕಂತ. ನಮಗ ಬರಂಗಿಲ್ರಿ. ನೀವ ಒಂದು ರಪೋಟು ಬರೀರಿ."

ಆಗ ನನಗೆ ವಿಷಯ ಹೊಳೆಯಿತು. ಹೊಲಕ್ಕೆ ನೀರು ಬಿಡುವ ತೂಬು ಕಟ್ಟಿಕೊಂಡಿದ್ದರಿಂದಲೇ ಆ ಕೆರೆ ಅಷ್ಟು ತುಂಬಿಕೊಂಡಿತ್ತು. ತೂಬು ತೆರೆದರೆ ನೀರು ಹೊಲಕ್ಕೆ. ನನ್ನ ಹರಗೋಲು ಕೆಸರಿಗೆ. "ಬರಿಯೋಣ" ಎಂದು ಹೇಳಿ ಬಂದೆ. ಬರೆಯಲಿಲ್ಲ. ಒಂದು ವಾರ ಶಾಯಿ ಸರಿಯಿಲ್ಲ ಎಂದುಕೊಂಡೆ, ಇನ್ನೊಂದು ವಾರ ತಲೆನೋವು. ಶುಕ್ರವಾರ ಮಾತ್ರ ತಪ್ಪದೆ ಹೋದೆವು. ಹಿರಿಯ ಕೇಳಿದಾಗಲೆಲ್ಲ, "ಅಳತಿ ಇನ್ನೂ ಮುಗಿದಿಲ್ಲ" ಎಂದೆ. ನಾನು ಕೆಟ್ಟವನಲ್ಲ ಎಂದು ಆವರೆಗೆ ನಂಬಿದ್ದೆ.

ಐದನೆಯ ಶುಕ್ರವಾರ ಮನೆಗೆ ಬಂದ ಮೇಲೆ ರುಕ್ಮಿಣಿ ಸೀರೆ ಸಹ ಬದಲಿಸದೆ ಎದುರಿಗೆ ಕೂತಳು. ನಾನು ಹುಟ್ಟಿನೊಂದಿಗೆ ಗುದ್ದಾಡುವ ಮುಂಚೆ, ಏರಿಯ ಮೇಲೆ, ಆ ಹಿರಿಯನ ಸೊಸೆ ಅವಳಿಗೆ ತಮ್ಮ ಮನೆಯ ಪಾಡನ್ನೆಲ್ಲ ಹೇಳಿದ್ದಳು.

"ಏನ್ರೀ, ರಪೋಟು ಬರದ್ರೋ ಇಲ್ಲೋ?"

"ಬರದ್ರ ಕೆರಿ ಬರಿದಾಗ್ತದ. ನಿನ್ನ ಸಲುವಾಗೇ..."

"ನನ್ನ ಹೆಸರು ಹೇಳಬ್ಯಾಡ್ರಿ. ಅವರ ಮನ್ಯಾಗ ಮೂರು ವರ್ಷದಿಂದ ಕೂಲಿಗೆ ಪರ ಊರಿಗೆ ಹೋಗಾಕತ್ತಾರ. ನಾ ಅಲ್ಲಿ ನೀರಿನ ಮ್ಯಾಲ ಕೂತು ನಕ್ಕೀನಲ್ಲ, ನೆನೆಸಿಕೊಂಡ್ರ ನನಗ ನಾಚಿಕಿ ಆಗ್ತದ. ಬರೀರಿ. ಮುಗಿಯೂ ತನಕ ನಾ ಏಳಂಗಿಲ್ಲ."

ಬರೆದೆ. ನನಗೆ ಬರುವ ಒಳ್ಳೆಯ ಉರ್ದುವನ್ನೆಲ್ಲ ಖರ್ಚು ಮಾಡಿ ಬರೆದೆ. ಸರ್ಕಾರಿ ಕಾಗದವಲ್ಲವೇ, ವರ್ಷಗಟ್ಟಲೆ ಮಲಗಿರುತ್ತದೆ ಎಂಬ ಸಣ್ಣ ಆಸೆ ಒಳಗೊಳಗೇ ಇತ್ತು. ನನ್ನ ದುರದೃಷ್ಟ, ಒಂದೇ ತಿಂಗಳಲ್ಲಿ ಮೇಸ್ತ್ರಿ, ಆಳುಗಳು ಬಂದು ತೂಬು ಸರಿಮಾಡಿದರು. ತಹಶೀಲ್ದಾರ ಸಾಹೇಬರು ನನ್ನನ್ನು ಕರೆಸಿ, ರಜೆಯ ದಿನವೂ ದುಡಿಯುವ ಗುಮಾಸ್ತನನ್ನು ತಾವು ಈವರೆಗೆ ಕಂಡಿರಲಿಲ್ಲ ಎಂದು ಮೆಚ್ಚಿಕೊಂಡರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯವೆಂದು ತಿಳಿದರು.

ಆಮೇಲೆ ಒಮ್ಮೆ ಹೋದಾಗ ಹರಗೋಲು ಕೆಸರಿನಲ್ಲಿ ವಾಲಿಕೊಂಡಿತ್ತು. ಕೆರೆಯ ಕೆಳಗೆ ಹೊಲಗಳು ಹಸಿರಾಗಿದ್ದವು. ಯಂಕಪ್ಪನಿಗೂ ಖುಷಿ, ನೀರು ಇಳಿದದ್ದರಿಂದ ಮೀನು ಕೈಗೇ ಸಿಗುತ್ತಿದ್ದವಂತೆ. ರುಕ್ಮಿಣಿ ಚಪ್ಪಲಿಯನ್ನು ಏರಿಯ ಮೇಲೆ ಬಿಟ್ಟು, ಸೀರೆ ಎತ್ತಿ ಕಟ್ಟಿ, ಹಿರಿಯನ ಸೊಸೆಯ ಜೊತೆ ಗದ್ದೆಗೆ ಇಳಿದಿದ್ದಳು. ಏನು ಮಾತೋ, ಇಬ್ಬರೂ ನಗುತ್ತಿದ್ದರು. ನಾನೊಬ್ಬನೇ ಏರಿಯ ಮೇಲೆ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದೆ. ಯಂಕಪ್ಪನಿಗೆ ಅಯ್ಯೋ ಅನ್ನಿಸಿರಬೇಕು. ಹತ್ತಿರ ಬಂದು ಕೂತ.

"ಬ್ಯಾಸರ ಮಾಡ್ಕೋಬ್ಯಾಡ್ರಿ ಸಾಹೇಬ್ರ. ಇಲ್ಲಿಂದ ಎರಡು ಹರದಾರಿ ಮ್ಯಾಲ ಇನ್ನೊಂದು ಕೆರಿ ಐತಿ. ಇದಕ್ಕಿಂತ ದೊಡ್ಡದು, ತುಂಬಿ ನಿಂತೈತಿ."

ನಾನು ನೆಟ್ಟಗಾದೆ. "ಹೌದಾ? ಅಷ್ಟು ನೀರು ಹ್ಯಾಂಗ ನಿಂತೈತಿ?"

"ಅದರ ತೂಬೂ ಕಟ್ಟಿಕೊಂಡೈತ್ರಿ."

ಗದ್ದೆಯಲ್ಲಿದ್ದ ರುಕ್ಮಿಣಿ ಅದನ್ನು ಕೇಳಿಸಿಕೊಂಡು ತಲೆಯೆತ್ತಿ ನನ್ನನ್ನೇ ನೋಡಿದಳು. ಲಿಂಗಸುಗೂರಿನಿಂದ ಮತ್ತೆ ವರ್ಗವಾಗುವ ಹೊತ್ತಿಗೆ, ದೋಣಿ ವಿಹಾರಕ್ಕೆ ಹೇಳಿ ಮಾಡಿಸಿದಂತಿದ್ದ ನಾಲ್ಕು ಕೆರೆಗಳನ್ನು ನಾನು ನನ್ನ ಕೈಯಾರೆ ಬರಿದು ಮಾಡಿಸಿದ್ದೆ.