ಐಲರ್ಟನ ಕಲ್ಲುಬಿಸ್ಕತ್ತು

ಹೆಂಡತಿ ರಾಗ್ನ ಬೆಳಗಿನ ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದ ಬಿಸ್ಕತ್ತು ತನ್ನ ಒಲೆಯದಲ್ಲ, ಎದುರು ಬೇಕರಿಯ ಯೋರ್ಗೆನ್‌ನದು ಎಂದು ಗೊತ್ತಾದ ಕೂಡಲೇ ಐಲರ್ಟನ ಹೊಟ್ಟೆಗೆ ಬೆಂಕಿ ಬಿತ್ತು.

"ನಿಮ್ಮದು ಹಲ್ಲಿಗೆ ಬಗ್ಗಲ್ಲ ಕಣ್ರೀ," ಎಂದಳು ರಾಗ್ನ ತಣ್ಣಗೆ.

ಟ್ರೊಮ್ಸೊ ಬಂದರಿನಿಂದ ಉತ್ತರಧ್ರುವದತ್ತ ಹೊರಟ ಹಡಗುಗಳೆಲ್ಲ ಯೋರ್ಗೆನ್‌ನ ಬಿಸ್ಕತ್ತನ್ನೇ ಹೊತ್ತು ಹೋಗಿದ್ದವು. ಡಬ್ಬಿಗಳ ಮೇಲೆ ಅವನ ಹೆಸರು, ಚರ್ಚಿನಲ್ಲಿ ಅವನಿಗೆ ಮುಂದಿನ ಬೆಂಚು. ಐಲರ್ಟನ ಬಿಸ್ಕತ್ತೋ, ನೆಲಮಾಳಿಗೆಯಲ್ಲಿ ರಾಶಿ ಬಿದ್ದಿತ್ತು. ಇವತ್ತು ಕ್ಯಾಪ್ಟನ್ ಸ್ಟೋರ್ವಿಕ್ ಹೊಸ ಯಾತ್ರೆಗೆ ಬಿಸ್ಕತ್ತು ಆರಿಸುವವನಿದ್ದ. ಇದೂ ಆ ಯೋರ್ಗೆನ್‌ನ ಪಾಲಾದರೆ ತಾನು ಬದುಕಿಯೂ ಸತ್ತಂತೆ ಎನ್ನಿಸಿತು ಐಲರ್ಟನಿಗೆ.

ಸಕ್ಕರೆ ಕೇಳುವ ನೆಪದಲ್ಲಿ ಎದುರು ಬೇಕರಿಗೆ ಹೋದ. ಮೇಜಿನ ಮೇಲೆ ಮಾದರಿ ಬಿಸ್ಕತ್ತಿನ ಡಬ್ಬಿ ಬಾಯಿ ತೆರೆದು ಕೂತಿತ್ತು. ಪಕ್ಕದ ಒಲೆಯಲ್ಲಿ ಕೆಟಲ್ ಬುಸುಗುಡುತ್ತಿತ್ತು.

"ಕೂತಿರು ಮಾರಾಯ, ಸೌದೆ ತರ್ತೀನಿ," ಎಂದು ಯೋರ್ಗೆನ್ ಹಿತ್ತಲಿಗೆ ಹೋದ.

ಐಲರ್ಟ ಹಿಂದೆಮುಂದೆ ನೋಡದೆ ಕೆಟಲ್‌ನ ಮೂತಿಯನ್ನು ಡಬ್ಬಿಯತ್ತ ತಿರುಗಿಸಿದ. ಹಬೆಯೆಲ್ಲ ಒಳಗೆ ಹೋಯಿತು. ಯೋರ್ಗೆನ್ ಬರುವ ಸದ್ದಾದಾಗ ಮೂತಿ ಸರಿಮಾಡಿ, ಸಕ್ಕರೆಯನ್ನೂ ಮರೆತು ಹೊರಗೆ ಬಂದರೆ, ಮೀನು ಮಾರುವ ಗುರೀನಾ ಕಿಟಕಿಯ ಬಳಿಯೇ ನಿಂತಿದ್ದಳು.

"ಏನಪ್ಪಾ, ಊರವರ ಬಿಸ್ಕತ್ತಿಗೆಲ್ಲ ಸ್ನಾನ ಮಾಡಿಸ್ತಿದ್ದೀಯಾ?"

ಅವಳ ಬಾಯಿ ಮುಚ್ಚಿಸಲು ತನ್ನ ಅಂಗಡಿಯ ಅಂದಿನ ಬನ್ನುಗಳನ್ನೆಲ್ಲ ಅವಳ ಬುಟ್ಟಿಗೆ ತುಂಬಿಸಬೇಕಾಯಿತು. ಅವಳು ಅದನ್ನು ತಂಗಿಗೆ ಹೇಳಿದಳು. ತಂಗಿಯ ಬಾಯಿಗೆ ರೊಟ್ಟಿಗಳು ಹೋದವು. ಮಧ್ಯಾಹ್ನ ಐಲರ್ಟ ಬಂದರಿಗೆ ಹೊರಟಾಗ ಅಂಗಡಿಯಲ್ಲಿ ಉಳಿದಿದ್ದು ಹಿಟ್ಟಿನ ಧೂಳು ಮಾತ್ರ.

ಕ್ಯಾಪ್ಟನ್ ಒಬ್ಬ ನಾವಿಕನನ್ನು ಹಾಯಿಕಂಬ ಹತ್ತಿಸಿ, ಎರಡೂ ಬಿಸ್ಕತ್ತುಗಳನ್ನು ಮೇಲಿನಿಂದ ಬೀಳಿಸಲು ಹೇಳಿ ಕೆಳಗೆ ನಿಂತ. ಯೋರ್ಗೆನ್‌ನದು ಸಗಣಿಯ ಹಾಗೆ ತಪ್ಪೆಂದು ಬಿತ್ತು. ಐಲರ್ಟನದು ಪುಟಿದು ಕ್ಯಾಪ್ಟನ್ನನ ಮೊಣಕಾಲಿಗೇ ಬಡಿಯಿತು. ಒಂದು ಚೂರೂ ಉದುರಲಿಲ್ಲ. ಕಾಫಿಯಲ್ಲಿ ಅದ್ದಿದರೆ ಕ್ಯಾಪ್ಟನ್ ಪೈಪು ಸೇದಿ ಮುಗಿಸಿದ ಮೇಲೆ ಮೆತ್ತಗಾಯಿತು.

"ಧ್ರುವದಲ್ಲಿ ಹೊತ್ತಿಗೇನು ಬರವೇ? ಇದೇ ಇರಲಿ," ಎಂದ ಕ್ಯಾಪ್ಟನ್ ಮೊಣಕಾಲು ಉಜ್ಜಿಕೊಳ್ಳುತ್ತ.

ಐಲರ್ಟ ಆಸೆಯಿಂದ ಯೋರ್ಗೆನ್‌ನ ಮುಖ ನೋಡಿದ. ಅದು ಬಾಡಿರಲೇ ಇಲ್ಲ. ಸೋತೂ ಇಷ್ಟು ನೆಮ್ಮದಿಯಾಗಿರುವ ಇವನನ್ನು ಕಂಡು ಐಲರ್ಟನಿಗೆ ಇನ್ನಷ್ಟು ಹೊಟ್ಟೆ ಉರಿಯಿತು.

"ಗಂಟುಮೂಟೆ ಕಟ್ಟಿಕೋ," ಎಂದ ಕ್ಯಾಪ್ಟನ್. "ಈ ಸಲದಿಂದ ಬಿಸ್ಕತ್ತು ಮಾಡಿದವನೂ ಹಡಗು ಹತ್ತಬೇಕು, ಅದನ್ನೇ ತಿನ್ನಬೇಕು. ಆಗ ಯಾರೂ ಬೂಸು ಹಿಡಿಯೋ ಮಾಲು ಕೊಡಲ್ಲ. ಎರಡು ಚಳಿಗಾಲ ಅಷ್ಟೇ. ಯೋರ್ಗೆನ್ ನಿನಗೆ ಹೇಳಲಿಲ್ವಾ? ತಿಳಿಸು ಅಂತ ಮೊನ್ನೆನೇ ಹೇಳಿದ್ದೆ."

ಯೋರ್ಗೆನ್ ಕೋಟಿನ ಜೇಬಿನಿಂದ ಉಣ್ಣೆಯ ಕೈಗವಸು ತೆಗೆದು ಐಲರ್ಟನ ಕೈಗಿಟ್ಟ.

"ಬೆಳಗ್ಗೆಯಿಂದ ಕೆಟಲ್ ಇಟ್ಕೊಂಡು ಕಾದಿದ್ದೆ ಮಾರಾಯ. ನೀನು ಬರದಿದ್ರೆ ಮೂತಿ ನಾನೇ ತಿರುಗಿಸ್ಬೇಕಾಗ್ತಿತ್ತು."

ಸಂಜೆ ನೆಲಮಾಳಿಗೆಯ ರಾಶಿಯೆಲ್ಲ ಹಡಗೇರಿತು, ಡಬ್ಬಿಗಳ ಮೇಲೆ ದಪ್ಪಕ್ಷರದಲ್ಲಿ ಐಲರ್ಟನ ಹೆಸರು. ದಡದಲ್ಲಿ ರಾಗ್ನ ಒಂದು ಕೈ ಬೀಸುತ್ತಿದ್ದಳು. ಇನ್ನೊಂದು ಕೈಯಲ್ಲಿದ್ದ ಬಿಸ್ಕತ್ತು ಯಾರ ಒಲೆಯದೆಂದು ಅಷ್ಟು ದೂರದಿಂದಲೂ ಅವನಿಗೆ ಗೊತ್ತಾಯಿತು.