ಕಿವಿ ಕೊಡದ ಗಣಕಪಂಡಿತರು

ಕುಮಟೆಯ ಕೃಷ್ಣಾನಂದ ಮಾಸ್ತರರಿಗೆ ಹೆಂಡತಿ ವಸಂತಿ ಕೊಟ್ಟಿದ್ದ ಗಡುವು ಆದಿತ್ಯವಾರ ದೀಪ ಹಚ್ಚುವ ಹೊತ್ತಿಗೆ ಮುಗಿಯುವುದಿತ್ತು. ಅಷ್ಟರೊಳಗೆ ಭಟ್ಕಳದಿಂದ ತಂದ ಆ ಹಳೆಯ ಕಂಪ್ಯೂಟರಿನಲ್ಲಿ ಆಟ ನಡೆಯಬೇಕು. ನಡೆಯದಿದ್ದರೆ ಹಿಂದಿನ ಕೋಣೆ ವಸಂತಿಯ ಹೊಲಿಗೆ ಮಶಿನ್ನಿಗೆ ಸೇರಬೇಕು.

ಮಾಸ್ತರರ ಪ್ರಕಾರ ಅದು ಕೋಣೆಯಲ್ಲ, ವಸ್ತುಸಂಗ್ರಹಾಲಯ. (ವಸಂತಿಯ ಪ್ರಕಾರ ಗುಜರಿ ಅಂಗಡಿ.) ಎರಡು ಸಾವಿರದ ಮೂರನೇ ಇಸವಿಯಲ್ಲಿ ಊರವರೆಲ್ಲ ಹೊಸ ಕಂಪ್ಯೂಟರಿಗೆ ಆಸೆಪಡುತ್ತಿದ್ದರೆ, ಮಾಸ್ತರರಿಗೆ ಇಪ್ಪತ್ತು ವರ್ಷ ಹಿಂದಿನವೇ ಬೇಕು. ಕೀಬೋರ್ಡಿನ ಹೊಟ್ಟೆಯೊಳಗೇ ಇಡೀ ಯಂತ್ರ ಅಡಗಿರುವ ಜಾತಿ ಅದು. ಟಿ.ವಿ.ಗೆ ಜೋಡಿಸಬೇಕು, ಆಟವನ್ನು ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ಟು ಹಾಕಿ ತುಂಬಿಸಬೇಕು. ಆಟದ ಕ್ಯಾಸೆಟ್ಟನ್ನು ಕಿವಿಯಿಂದ ಕೇಳಿದರೆ ಬರೀ ‘ಕೀ... ಕಿರ್ರ್’ ಎಂಬ ಅರಚಾಟ.

ಅದಕ್ಕೇ ಕಲಿಯುವವರಿಗೆ ಮಾಸ್ತರರ ಮೊದಲನೆಯ ಸೂತ್ರ: ‘ಮೊದಲು ಕಿವಿಯಿಂದ ಕೇಳಿ.’ ಹಿರೇಗುತ್ತಿಯ ಮೋಹನ ಒಮ್ಮೆ ಖಾಲಿ ಕ್ಯಾಸೆಟ್ಟು ಹಾಕಿ ಎರಡು ದಿನ ಒದ್ದಾಡಿದ್ದನ್ನು ಅವರು ಹೋದ ಮದುವೆ ಮುಂಜಿಗಳಲ್ಲೆಲ್ಲ ಹೇಳಿ ನಕ್ಕಿದ್ದರು.

ಈ ಯಂತ್ರ ಸಿಕ್ಕಿದ್ದು ವಸಂತಿಯ ತವರಿನಲ್ಲಿ. ಭಟ್ಕಳದ ನೆರೆಮನೆಯ ಮೈಮೂನಾ ಖಾಲಾ ಅಟ್ಟ ಖಾಲಿ ಮಾಡುವಾಗ, “ಅಳಿಯಂದಿರು ಇಂಥದ್ದು ಹುಡುಕ್ತಾರಂತಲ್ಲ” ಎಂದು ಕರೆದು ಕೊಟ್ಟಿದ್ದರು. ಅವರ ಗಂಡ ಇಸ್ಮಾಯಿಲ್ ದುಬೈಯಿಂದ ಮಕ್ಕಳಿಗೆ ಕಳಿಸಿದ್ದಂತೆ. ಅವರು ತೀರಿಕೊಂಡು ಆರು ವರ್ಷವಾಗಿತ್ತು. ಜೊತೆಗೆ ಒಂದು ಕ್ಯಾಸೆಟ್ಟಿನ ಡಬ್ಬಿ, ಮೇಲೆ ಉರ್ದು ಬರಹ. ಖಾಲಾ ಓದಿ ಹೇಳಿದ್ದರು: ‘ಮಕ್ಕಳ ಆಟ.’ ಎಂಥ ಆಟ? ಈ ಕುತೂಹಲ ಮಾಸ್ತರರ ನಿದ್ದೆ ಕೆಡಿಸಿತ್ತು.

ಶುಕ್ರವಾರ ಸಂಜೆ ಹೊನ್ನಾವರದಿಂದ ಶ್ರೀಧರ ಬಂದ. ಫೋಟೋ ಸ್ಟುಡಿಯೋದವನು, ಈ ಹುಚ್ಚಿನಲ್ಲಿ ಮಾಸ್ತರರಿಗೆ ಏಕಮಾತ್ರ ಸರಿಸಾಟಿ.

“ಎಂತ ಕಾಣ್ತದೆ?”

“ಆಟ ತುಂಬ್ತಾ ಇಲ್ಲ ಮಾರಾಯ. ಆದ್ರೆ ಟಿ.ವಿ. ಅಂಚಿನಲ್ಲಿ ನೋಡು.”

ಟೇಪಿನ ಸದ್ದು ಯಂತ್ರದೊಳಗೆ ಹೋದಂತೆಲ್ಲ ಪರದೆಯ ಅಂಚಿನಲ್ಲಿ ಬಣ್ಣದ ಗೆರೆಗಳು ಹಾರುತ್ತಿದ್ದವು. ಒಮ್ಮೆ ಚಕಚಕ, ಒಮ್ಮೆ ಸುಮ್ಮನೆ, ಮತ್ತೆ ಚಕಚಕ.

“ಉಸಿರಾಡ್ತಾ ಇದೆ!” ಎಂದ ಶ್ರೀಧರ ಭಕ್ತಿಯಿಂದ. “ಟೇಪಿನ ಹೆಡ್ಡು ಓರೆಯಾಗಿರ್ಬೇಕು.”

ಅಲ್ಲಿಂದ ಶಸ್ತ್ರಚಿಕಿತ್ಸೆ ಶುರುವಾಯಿತು. ಹೆಡ್ಡಿನ ಸ್ಕ್ರೂ ತಿರುಗಿಸಿದರು, ಬೆಲ್ಟು ಬದಲಿಸಿದರು, ಯಂತ್ರದ ಹೊಟ್ಟೆ ಬಿಚ್ಚಿ ಬೆಸುಗೆ ಹಾಕಿದರು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಊಟದ ಮೇಜಿನ ಮೇಲೆ ಅನ್ನಕ್ಕಿಂತ ಸ್ಕ್ರೂಗಳೇ ಹೆಚ್ಚಿದ್ದವು. ಗೆರೆಗಳು ಮಾತ್ರ ಅದೇ ಲಯದಲ್ಲಿ ಹಾರುತ್ತಿದ್ದವು.

ವಸಂತಿ ಅಳತೆ ಟೇಪು ಹಿಡಿದು ಬಂದಳು.

“ಕಿಡಕಿ ಹತ್ರ ಮಶಿನ್ನು ಇಡ್ಲಿಕ್ಕೆ ಜಾಗ ಸಾಕಾಗ್ತದಾ ನೋಡ್ತೆ.”

“ಇನ್ನೂ ಒಂದು ದಿವ್ಸ ಉಂಟು!” ಮಾಸ್ತರರು ಗುಡುಗಿದರು. “ಇದು ಸೂಕ್ಷ್ಮ ವಿಜ್ಞಾನ. ನಿಂಗೆ ಎಂತ ಗೊತ್ತು?”

“ಎಂತದೂ ಗೊತ್ತಿಲ್ಲ. ಅಲ್ಲ, ಆ ಕ್ಯಾಸೆಟ್ಟಿನಲ್ಲಿ ಎಂತ ಉಂಟು ಅಂತ ಕೇಳಿದ್ರ್ಯಾ?”

ಮಾಸ್ತರರು ಶ್ರೀಧರನನ್ನು ನೋಡಿದರು. ಶ್ರೀಧರ ಛಾವಣಿಯನ್ನು ನೋಡಿದ. (ಕಂಪ್ಯೂಟರಿನ ಪಿನ್ನು ಸಿಕ್ಕಿಸಿದರೆ ಟೇಪ್‌ರೆಕಾರ್ಡರಿನ ಸದ್ದು ಹೊರಗೆ ಬರುವುದಿಲ್ಲ, ಅದನ್ನು ಸಿಕ್ಕಿಸಿದವರು ಈವರೆಗೆ ಕಿತ್ತಿರಲಿಲ್ಲ.) ಡಬ್ಬಿಯ ಮೇಲೆ ಬರೆದಿದೆಯಲ್ಲ, ಕೇಳುವುದೇನು ಎಂದು ಇಬ್ಬರು ಪಂಡಿತರೂ ತಿಳಿದಿದ್ದರು.

ವಸಂತಿ ಪಿನ್ನು ಕಿತ್ತು ಗುಂಡಿ ಒತ್ತಿದಳು. ಟೇಪ್‌ರೆಕಾರ್ಡರಿನೊಳಗಿಂದ ಒಬ್ಬ ಗಂಡಸು ಕೆಮ್ಮಿದ. ಆಮೇಲೆ ಭಟ್ಕಳದ ಮುಸ್ಲಿಮರ ಮನೆಮಾತಾದ ನವಾಯತಿಯಲ್ಲಿ ಮಾತಾಡತೊಡಗಿದ.

“ಅಯ್ಯೋ, ಇಸ್ಮಾಯಿಲ್ ಕಾಕಾ!” ವಸಂತಿ ಅಲ್ಲೇ ಕುಳಿತುಬಿಟ್ಟಳು. ನೆರೆಮನೆಯಲ್ಲೇ ಬೆಳೆದವಳು, ಭಾಷೆಯೂ ಗೊತ್ತು, ದನಿಯೂ ಗೊತ್ತು. “ಖಾಲಾಗೆ ಕಳ್ಸಿದ್ದು ಇದು. ಆಗೆಲ್ಲ ಕಾಗದ ಬರೀತಿರ್ಲಿಲ್ಲ, ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಬರುವವ್ರ ಕೈಲಿ ಕೊಡ್ತಿದ್ರು. ಕೇಳಿ, ಎಂತ ಹೇಳ್ತಾರೆ ಗೊತ್ತುಂಟಾ? ‘ಎರಡು ಕ್ಯಾಸೆಟ್ಟು ಕಳ್ಸಿದ್ದೇನೆ. ಒಂದು ನಿಂಗೆ, ಒಂದು ಮಕ್ಕಳ ಆಟದ್ದು. ಅದಲುಬದಲು ಮಾಡ್ಬೇಡಿ’ ಅಂತೆ.”

ಮಾಸ್ತರರಿಗೆ ನಗು ಬರಲಿಲ್ಲ. ಎರಡು ದಿನ ಪರದೆಯ ಅಂಚಿನಲ್ಲಿ ಹಾರಿದ ಗೆರೆಗಳೆಲ್ಲ ಒಬ್ಬ ಮನುಷ್ಯ ಹೆಂಡತಿಯೊಡನೆ ಆಡಿದ ಮಾತಾಗಿದ್ದವು. ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು.

“ನಾಳೆನೇ ಹೋಗಿ ಕೊಟ್ಟು ಬರುವ,” ಎಂದರು.

“ನಾಳೆ ಆದಿತ್ಯವಾರ,” ಎಂದಳು ವಸಂತಿ.

“ಗೊತ್ತುಂಟು.”

ಭಟ್ಕಳದಲ್ಲಿ ವಿಷಯ ಕೇಳಿದ ಮೈಮೂನಾ ಖಾಲಾ ಒಳಗೆ ಹೋಗಿ, ಪೆಟ್ಟಿಗೆಯಿಂದ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟ ಇನ್ನೊಂದು ಡಬ್ಬಿ ತಂದರು.

“ಇದ್ರ ಮೇಲೆ ನನ್ನ ಹೆಸರುಂಟು. ಬಂದಾಗ ಕೇಳಿದ್ದೆ, ಅವರು ತೀರಿಹೋದ ಮೇಲೆ ಇನ್ನೊಂದು ಸಲ ಹಾಕಿದೆ. ಬರೀ ಕೀ ಅಂತ ಕೂಗ್ತು. ಹಳೇದಾಗಿ ಅವರ ಸ್ವರ ಹಾಳಾಯ್ತು ಅಂದ್ಕೊಂಡೆ. ಬಿಸಾಡ್ಲಿಕ್ಕೆ ಮನಸ್ಸಾಗ್ಲಿಲ್ಲ ಮಗಾ.”

ವಸಂತಿ ಸರಿಯಾದ ಕ್ಯಾಸೆಟ್ಟು ಹಾಕಿದಳು. ಇಸ್ಮಾಯಿಲ್ ಕೆಮ್ಮಿದರು, ಕ್ಷೇಮ ಕೇಳಿದರು, ಮಾವಿನಕಾಯಿ ಉಪ್ಪಿನಕಾಯಿ ಮುಗಿಯಿತು, ಇನ್ನೊಂದು ಭರಣಿ ಕಳಿಸು ಎಂದರು.

“ಕಳ್ಸಿದೆನಲ್ಲ!” ಎಂದು ಖಾಲಾ ಟೇಪ್‌ರೆಕಾರ್ಡರಿಗೆ ಗದರಿ, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಮೂರು ಸಲ ಹಾಕಿಸಿ ಕೇಳಿದರು. ಎದ್ದು ಬಸ್ಸು ಹಿಡಿಯೋಣ ಎನ್ನಲು ಮಾಸ್ತರರಿಗೂ ಬಾಯಿ ಬರಲಿಲ್ಲ.

ಆಟದ ಕ್ಯಾಸೆಟ್ಟು ಜೇಬಿನಲ್ಲಿಟ್ಟುಕೊಂಡು ಕುಮಟೆಗೆ ಬಂದಿಳಿದಾಗ ಎಲ್ಲರ ಮನೆಯಲ್ಲೂ ದೀಪ ಹಚ್ಚಿಯಾಗಿತ್ತು.

“ಆತಲ್ಲ,” ಎಂದಳು ವಸಂತಿ, ಅಷ್ಟೇ.

ಸೋಮವಾರ ಹಿಂದಿನ ಕೋಣೆಯಲ್ಲಿ ಹೊಲಿಗೆ ಮಶಿನ್ನು ಕಟಕಟ ಎನ್ನುತ್ತಿತ್ತು. ಸಂಗ್ರಹಾಲಯ ಮಂಚದ ಕೆಳಗೆ ಸೇರಿತ್ತು. ಮಾಸ್ತರರು ಜಗಲಿಯಲ್ಲಿ ಯಂತ್ರ ಜೋಡಿಸಿ, ಕ್ಯಾಸೆಟ್ಟು ಹಾಕಿ, ಪಿನ್ನು ಸಿಕ್ಕಿಸಿ, ಗುಂಡಿ ಒತ್ತಲು ಹೊರಟರು.

ಒಳಗೆ ಮಶಿನ್ನು ನಿಂತಿತು.

“ಹೋಯ್, ಮೊದ್ಲು ಕಿವಿಯಿಂದ ಕೇಳಿದ್ರ್ಯಾ?”

ಕೇಳಿರಲಿಲ್ಲ. ಮಾಸ್ತರರು ಪಿನ್ನು ಕಿತ್ತು ಗುಂಡಿ ಒತ್ತಿದರು. ‘ಕೀ...’ ಎಂಬ ಅರಚಾಟ ಮನೆಯೆಲ್ಲ ತುಂಬಿತು.

“ಹಾಂ, ಇದು ಆಟದ್ದೇ,” ಒಳಗಿನಿಂದ ಅಪ್ಪಣೆಯಾಯಿತು. “ಇನ್ನು ಸಿಕ್ಕಿಸಿ.”